ಊದದೆ ಕಟ್ಟಿದ ರುಂಬಾ

ನಮ್ಮ ಸೋದರಮಾವ ಕದಿರೇಶ ಶ್ರೀನಿವಾಸಪುರದ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದ. ಯಲ್ದೂರಿನಿಂದ ರಾಯಲ್ಪಾಡಿನವರೆಗೆ ತಾನಿಲ್ಲದೆ ಒಂದು ಮದುವೆಯೂ ಆಗುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಅರ್ಧ ನಿಜ, ಅರ್ಧ ಜಂಬ. ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡ ಅವನನ್ನು ಸಾಕಿದ್ದು ಅವನ ಅಕ್ಕ, ಅಂದರೆ ನಮ್ಮಮ್ಮ ದೊಡ್ಡಗಂಗಮ್ಮ. ಸಾಕಿದ್ದೂ ಅಲ್ಲದೆ ನಮ್ಮ ಕಡೆಯ ಪದ್ಧತಿಯಂತೆ ಹಿರಿಮಗಳು ಶಾಮಲಳನ್ನು ಅವನಿಗೇ ಕೊಟ್ಟು ಮನೆಯಲ್ಲೇ ಇಟ್ಟುಕೊಂಡಳು. ಹಾಗಾಗಿ ನನ್ನಕ್ಕನಿಗೂ ಅವನು ಮಾವ, ಅವಳ ತಂಗಿ ನನಗೂ ಮಾವ. ಅವನ ವಿಷಯ ನನಗಿಂತ ಚೆನ್ನಾಗಿ ಬಲ್ಲವರಿದ್ದರೆ ಬಂದು ಹೇಳಲಿ, ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

ಎರಡನೇ ಮಹಾಯುದ್ಧ ಶುರುವಾದ ಮೇಲೆ ಚಿನ್ನದ ಗಣಿಯ ದೊರೆಗಳ ಕ್ಲಬ್ಬಿನಲ್ಲಿ ವಾದ್ಯ ನುಡಿಸುತ್ತಿದ್ದವರು ಕೆಲವರು ಸೈನ್ಯಕ್ಕೆ ಹೋದರು. ಕ್ರಿಸ್‌ಮಸ್ ಕುಣಿತಕ್ಕೆ ಊದುವವರಿಲ್ಲವೆಂದು ಮಾವನಿಗೆ ಹೇಳಿಕಳಿಸಿದರು. ಹೋಗಿ ಬಂದವನಿಗೆ ಮುದ್ದೆ ಗಂಟಲಲ್ಲಿ ಇಳಿಯದು. ದೊರೆಗಳೂ ದೊರೆಸಾನಿಯರೂ ಸೊಂಟ ಬಳುಕಿಸಿ ಕುಣಿದ ರುಂಬಾ ಎಂಬ ಲಯ ಅವನ ತಲೆ ಹೊಕ್ಕಿತ್ತು. ಸಮುದ್ರದಾಚೆ ಕಬ್ಬು ಬೆಳೆಯುವ ಯಾವುದೋ ದ್ವೀಪದವರ ಕುಣಿತವಂತೆ ಅದು. ತೊಡೆ ತಟ್ಟಿ ಎಲ್ಲರಿಗೂ ತೋರಿಸುತ್ತಿದ್ದ: ತಕಿಟ ತಕಿಟ ತಕ, ತಕಿಟ ತಕಿಟ ತಕ.

ಬ್ಯಾಂಡಿನಲ್ಲಿ ಡೋಲು ಬಾರಿಸುವ ಪೆದ್ದಪ್ಪ ಮೂಗು ಮುರಿದ. “ಇದ್ರಲ್ಲೇನ್ಲಾ ಹೊಸದು? ಮೂರು, ಮೂರು, ಎರಡು, ಒಟ್ಟು ಎಂಟು. ನಮ್ಮ ಆದಿತಾಳಾನೇ ಅಲ್ವಾ?”

“ಲೆಕ್ಕ ಅದೇ ಕಣಣ್ಣ, ನಡಿಗೆ ಬೇರೆ. ನಮ್ದು ದೇವಸ್ಥಾನಕ್ಕೆ ಹೋಗೋರ ನಡಿಗೆ. ಇದು ಸಂತೆ ಮುಗಿಸ್ಕೊಂಡು ಖುಷಿಯಾಗಿ ಬರೋರದು” ಎಂದ ಮಾವ.

ಆ ನಡಿಗೆಗೆ ಖಮಾಚ್ ರಾಗ ಕೂಡಿಸಿ ಹೊಸದೊಂದನ್ನು ಕಟ್ಟಬೇಕು, ಮದುವೆ ಮೆರವಣಿಗೆಯಲ್ಲಿ ಧೂಳು ಕುಡಿಯುತ್ತ ಅಲ್ಲ, ವೇದಿಕೆಯ ಮೇಲೆ ಕೂತು ಊದಬೇಕು ಎಂಬ ಹುಚ್ಚು ಅವನಿಗೆ ಹಿಡಿಯಿತು. ಕೋಲಾರದ ರಾಮನವಮಿ ಚಪ್ಪರದ ಉಸ್ತುವಾರಿ ನೋಡುತ್ತಿದ್ದ ಕೋದಂಡರಾಮಪ್ಪನವರೂ, “ಹೊಸದಿದ್ರೆ ತಗೊಂಡು ಬಾರಯ್ಯ, ಒಂದು ಸಂಜೆ ನಿಂಗೇ ಬಿಡ್ತೀನಿ” ಎಂದುಬಿಟ್ಟರು.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಕ್ಲಾರಿಯೊನೆಟ್ ಉಲಿಯಬೇಕಾದರೆ ಬಾಯಿಗಿಡುವ ಕಡೆ ತೆಳ್ಳನೆಯ ಜೊಂಡಿನ ರೀಡು ಬೇಕು. ಅದು ಫ್ರಾನ್ಸಿನಿಂದ ಹಡಗಿನಲ್ಲಿ ಬರಬೇಕು. ಯುದ್ಧದಲ್ಲಿ ಹಡಗೇ ನಿಂತುಹೋಯಿತು. ಎಲ್ಲಿಯ ಜರ್ಮನಿ, ಎಲ್ಲಿಯ ಶ್ರೀನಿವಾಸಪುರ! ಮಾವ ಬಿದಿರು ಸೀಳಿ, ಹೆರೆದು, ಕಟ್ಟಿ ಊದಿದ. “ಯಾರ ಮೇಕೆಮರಿನೋ ಅದು, ಒಳಗ್ ಬಂದೈತೆ, ಓಡಿಸ್ರೇ” ಎಂದು ಅಡುಗೆಮನೆಯಿಂದ ಅಮ್ಮ ಕೂಗಿದಳು. ಅಲ್ಲಿಗೆ ಆ ಕಥೆ ಮುಗಿಯಿತು. ಅವನ ಹತ್ತಿರ ಉಳಿದಿದ್ದು ಒಂದೇ ಒಂದು ಒಳ್ಳೆಯ ರೀಡು. ಅದರ ಅಂಚೂ ಆಗಲೇ ಸವೆದಿತ್ತು. ದಿನಾ ಊದಿದರೆ ರಾಮನವಮಿಗೆ ಮುಂಚೆಯೇ ಸೀಳುತ್ತದೆ. ಅದಕ್ಕೆ ಅವನು ಆ ರುಂಬಾವನ್ನು ಊದದೆಯೇ ಕಟ್ಟಿದ.

ಸಂಜೆ ಜಗಲಿಯ ಮೇಲೆ ಕೂತು, ಉಸಿರು ಬಿಡದೆ, ಬರೀ ಬೆರಳಾಡಿಸುವುದು. ವಾದ್ಯದ ತೂತು ಮುಚ್ಚುವ ಕೀಲಿಗಳು ಮರದ ಮೇಲೆ ಬಿದ್ದು ಟಿಕ್ ಟಿಕ್ ಎನ್ನುತ್ತಿದ್ದವು. ಬೀದಿಯವರು ಕದಿರೇಶನಿಗೆ ತಲೆ ಕೆಟ್ಟಿದೆ ಎಂದುಕೊಂಡರು. ತುಂಬು ಬಸುರಿ ಶಾಮಲಕ್ಕ ಮಾತ್ರ ರಾಗಿಯ ಮೊರ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂರುತ್ತಿದ್ದಳು.

“ಆ ಇಳಿಯೋ ಜಾಗ ಇನ್ನೊಂದ್ಸಲ ಮಾಡು ಮಾವ.”

“ಇಳಿಯೋದು ಅಂತ ನಿಂಗೆ ಹೆಂಗ್ ಗೊತ್ತಾಯ್ತೇ?”

“ಗೊತ್ತಾಗುತ್ತಪ್ಪ” ಎಂದು ನಾಚಿ ನಗುತ್ತಿದ್ದಳು. ಅಷ್ಟು ಸುಖವಾಗಿ ಇನ್ನೆಂದೂ ಅವಳು ನಕ್ಕಿದ್ದನ್ನು ನಾನು ಕಾಣೆ.

ರಾಮನವಮಿ ಬಂದಾಗ ಅವಳಿಗೆ ಹೆಣ್ಣುಮಗುವಾಗಿ ತಿಂಗಳೂ ತುಂಬಿರಲಿಲ್ಲ. ಬಾಣಂತಿ ಹೊಸಿಲು ದಾಟುವಂತಿಲ್ಲ. ಉರಿಬೇಸಿಗೆಯಲ್ಲೂ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು ಅಮ್ಮ ಅವಳನ್ನು ಕತ್ತಲೆಕೋಣೆಯಲ್ಲಿ ಕೂರಿಸಿದ್ದಳು. ಗಾಳಿ ಹೊಕ್ಕರೆ ಸನ್ನಿ ಹಿಡಿಯುತ್ತದಂತೆ. ಆ ಸೆಕೆಗೇ ಸನ್ನಿ ಹಿಡಿಯದಿದ್ದುದು ನಮ್ಮ ಪುಣ್ಯ.

ಹೊರಡುವ ಹೊತ್ತಿಗೆ ಮಾವ ಬಾಗಿಲಲ್ಲಿ ನಿಂತ. ಅಕ್ಕ ಒಂದು ಕಿವಿಯ ಹತ್ತಿ ಕಿತ್ತು, “ಒಂದೇ ಒಂದ್ಸಲ ಊದಿ ಹೋಗು ಮಾವ. ಮೊದ್ಲು ನಾನು ಕೇಳ್ಬೇಕು” ಎಂದಳು.

“ಈಗ್ಲೇ ಸೀಳಿದ್ರೆ ಕೋಲಾರದಲ್ಲಿ ಏನ್ ಮಾಡ್ಲಿ ಹೇಳು? ಅಲ್ಲಿ ಒಂದ್ಸಲ ಊದ್ತೀನಿ, ಅಷ್ಟೇ. ಬಂದು ನಿಂಗೆ ಊದ್ತೀನಿ. ಅಲ್ಲೀವರ್ಗೂ ಖಂಡಿತ ಬಾಳುತ್ತೆ.”

ಅಕ್ಕ ನನ್ನ ಕೈ ಹಿಡಿದಳು. “ನೀನೂ ಹೋಗೇ. ನನ್ನ ಬದ್ಲು ನೀನು ಕೇಳಿಸ್ಕೊಂಡ್ ಬಾ.”

ಚಿಕ್ಕ ರೈಲಿನಲ್ಲಿ ಕೋಲಾರಕ್ಕೆ ಹೋದೆವು. ಚಪ್ಪರದ ತುಂಬ ಜನ. ಪಾನಕ, ಕೋಸಂಬರಿ, ಬೀಸಣಿಗೆ. ನಾನು ಹೆಂಗಸರ ಸಾಲಿನ ಮುಂದೆ ಕೂತೆ. ಒಳ್ಳೆಯ ರೀಡು ಉಳಿಯಲೆಂದು ಮಾವ ಎರಡು ಕೀರ್ತನೆಗಳನ್ನು ಆ ಮೇಕೆಮರಿ ಬಿದಿರಿನ ರೀಡಿನಲ್ಲೇ ಹೇಗೋ ಎಳೆದ, ಹಿಂದಿನವರು ಕೆಮ್ಮತೊಡಗಿದರು. ಆಮೇಲೆ ಅಂಗಿಯ ಜೇಬಿನಿಂದ ಆ ಒಳ್ಳೆಯ ರೀಡನ್ನು ತೆಗೆದು, ನಾಲಿಗೆಯ ಮೇಲಿಟ್ಟು ನೆನೆಸಿ, ಕಟ್ಟಿದ. ಪೆದ್ದಪ್ಪ ಡೋಲು ಹಿಡಿದ.

ಅಯ್ಯೋ, ಅದನ್ನು ಹೇಗೆ ಹೇಳಲಿ! ಖಮಾಚ್ ನಮಗೆ ಗೊತ್ತಿದ್ದ ರಾಗವೇ. ಆದರೆ ಅದು ಮಡಿಯುಟ್ಟು ನಡೆಯದೆ ಸೆರಗು ಸಿಕ್ಕಿಸಿಕೊಂಡು ಕುಣಿಯುತ್ತ ಬಂತು. ನಗುತ್ತಲೇ ಇದ್ದ ಸ್ವರ ಇದ್ದಕ್ಕಿದ್ದಂತೆ ಇಳಿದು, ಯಾರನ್ನೋ ಬಿಟ್ಟು ಬಂದಂತೆ ತಿರುಗಿ ನೋಡುತ್ತಿತ್ತು. ಅವನು ತಾನೇ ಕಟ್ಟಿದ್ದನ್ನು ತಾನೇ ಮೊದಲ ಸಲ ಕೇಳುತ್ತಿದ್ದ; ಕಣ್ಣಲ್ಲಿ ನೀರಿತ್ತು. ನನಗೂ ಅಳು ಬಂತು. ಮುಗಿದಾಗ ಚಪ್ಪರ ಹಾರಿಹೋಗುವಷ್ಟು ಚಪ್ಪಾಳೆ. ಹಿಂದೆಯೇ “ಒನ್ಸ್ ಮೋರ್! ಒನ್ಸ್ ಮೋರ್!” ಎಂಬ ಕೂಗು.

ಮಾವ ನನ್ನತ್ತ ನೋಡಿದ. ಬೇಡ ಎಂದು ತಲೆಯಾಡಿಸಿದೆ, ಕೈಯಾಡಿಸಿದೆ. ಕೂಗು ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ಮದುಮಗನ ಕುದುರೆಯ ಮುಂದೆ ಊದಿದವನು. ಅವನ ವಾದ್ಯಕ್ಕಾಗಿಯೇ ಜನ ಕೂಗಿದ್ದು ಅದೇ ಮೊದಲು. ಅವನು ಮತ್ತೆ ಎತ್ತಿಕೊಂಡ. ಕೊನೆಯ ಸಾಲಿನಲ್ಲಿ ರೀಡು ಸೀಳಿತು. ಜನ ಅದನ್ನೂ ಹೊಸ ಬಗೆಯೆಂದು ತಿಳಿದು ಚಪ್ಪಾಳೆ ತಟ್ಟಿದರು.

ಮನೆಗೆ ಬಂದಾಗ ಅಕ್ಕ ಎರಡೂ ಕಿವಿಯ ಹತ್ತಿ ತೆಗೆದು, ಮಗುವನ್ನು ಮಲಗಿಸಿ ಕಾಯುತ್ತಿದ್ದಳು. ಮಾವ ನೇರವಾಗಿ ವಾದ್ಯದ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದ. ಕೋಲಾರದಲ್ಲಿ ನಡೆದದ್ದನ್ನು ನಾನೇ ಹೇಳಬೇಕಾಯಿತು.

“ಊರೋರೆಲ್ಲ ಎರಡೆರಡು ಸಲ ಕೇಳಿದ್ರು. ನಂಗೆ ಒಂದ್ಸಲಕ್ಕೂ ಉಳಿಸ್ಲಿಲ್ವಾ ಮಾವ?” ಎಂದು ಅತ್ತಳು. ಅವನು ತಪ್ಪಾಯ್ತು ಕಣೇ, ತಪ್ಪಾಯ್ತು ಎನ್ನುತ್ತಲೇ ಇದ್ದ. ನಾನಾದರೂ ಹಾಡಿ ತೋರಿಸೋಣವೆಂದು ಬಾಯಿ ತೆರೆದೆ. “ಸುಮ್ನಿರೇ ತಾಯಿ, ನಿನ್ ಬಾಯಲ್ಲಿ ಅದು ಸಾಯೋದ್ ಬೇಡ” ಎಂದಳು. ನಿಜವೇ, ನನ್ನ ಕಂಠಕ್ಕೆ ಕಾಗೆ ಕೂಡ ಹೆದರುತ್ತದೆ. ಮಾವನದೂ ಊದುವ ಬಾಯಿಯೇ ಹೊರತು ಹಾಡುವ ಬಾಯಲ್ಲ, ಬಿದಿರಿನ ರೀಡಿನಲ್ಲಿ ಅದನ್ನು ಮೇಕೆಮರಿ ಮಾಡಲೂ ಅವನಿಗೆ ಮನಸ್ಸಿಲ್ಲ.

ಆಮೇಲೆ ಯುದ್ಧ ಮುಗಿಯುವವರೆಗೂ ಬ್ಯಾಂಡಿನಲ್ಲಿ ಅವನಿಗೆ ಸಿಕ್ಕಿದ್ದು ತಾಳ ಹಾಕುವ ಕೆಲಸ. ಸಂಜೆ ಮಾತ್ರ ಅಕ್ಕ, “ಬೆರಳಾದ್ರೂ ಆಡ್ಸು ಮಾವ” ಎನ್ನುವಳು. ಅವನು ಆಡಿಸುವನು. ಅವಳು ಮಗುವನ್ನು ತೂಗುತ್ತ ಆ ಸದ್ದನ್ನು ಕೇಳುತ್ತ ಕೂರುವಳು. ಊದಿದ್ದನ್ನು ಕೇಳುವ ಆಸೆ ಅವಳನ್ನು ಎಷ್ಟು ತಿಂದಿತೆಂದರೆ, ಬೆಂಗಳೂರಿನಿಂದ ಯಾರೇ ಬರಲಿ, “ಅಲ್ಲಿ ರೀಡು ಬಂದೈತಾ?” ಎಂದೇ ಮೊದಲು ಕೇಳುತ್ತಿದ್ದಳು.

ನಲವತ್ತಾರರಲ್ಲಿ ಬಂತು. ಮಾವ ಬೆಂಗಳೂರಿಗೆ ಹೋಗಿ ತಂದು, ಸ್ನಾನ ಮಾಡಿ, ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಮೊದಲಿಂದ ಕೊನೆಯವರೆಗೆ ಊದಿದ. ಕೋಲಾರಕ್ಕಿಂತಲೂ ಚೆನ್ನಾಗಿ ಊದಿದ. ಅಕ್ಕ ಕಣ್ಣು ಮುಚ್ಚಿ ಕೂತವಳು ನಡುವೆಯೇ ಕಣ್ಣು ತೆರೆದಳು.

“ಹೆಂಗೈತೇ?”

“ಚೆನ್ನಾಗೈತೆ ಮಾವ. ಆದ್ರೆ ಇದು ಬೇರೆ.”

“ಬೇರೆ ಅಂದ್ರೆ? ಇದೇ ಕಣೇ! ಬೇಕಾದ್ರೆ ನಿನ್ ತಂಗೀನ್ ಕೇಳು.”

“ಇದೇ ಇರ್ಬೋದು. ಆದ್ರೆ ನಿನ್ನ ಬೆರಳ ಸದ್ದಿಗೆ ನಾನೇ ಒಂದು ಸೇರಿಸ್ಕೊಂಡಿದ್ದೆ. ಇಷ್ಟು ವರ್ಷ ಒಳಗೇ ಹಾಡ್ಕೊಂಡಿದ್ದೆ. ಅದೇ ನಿಂದು ಅಂದ್ಕೊಂಡಿದ್ದೆ.”

ಮಾವನ ಮುಖ ಅರಳಿತು. “ಹಾಡೇ ಮತ್ತೆ! ನಾನೂ ಕೇಳ್ತೀನಿ.”

ಅಕ್ಕ ಬಾಯಿ ತೆರೆದಳು. ಬಂದದ್ದು ಮಾವ ಊದಿದ ಸಾಲು. ತಡೆದಳು. ಮತ್ತೆ ಎತ್ತಿಕೊಂಡಳು. ಮತ್ತೂ ಅದೇ ಬಂತು. ಅವಳ ಮುಖ ಬಿಳಿಚಿಕೊಂಡಿತು.

“ಬೆಳಗ್ಗೆ ರಾಗಿ ಬೀಸ್ವಾಗ್ಲೂ ಇತ್ತು ಮಾವ. ನಿಂದು ಬಂದು ಅದನ್ನ ಓಡಿಸ್ಬಿಡ್ತು” ಎಂದು ಬಿಕ್ಕಿ ಬಿಕ್ಕಿ ಅತ್ತಳು. ಮಗುವನ್ನು ಕಳೆದುಕೊಂಡವರೂ ಹಾಗೆ ಅಳುವುದನ್ನು ನಾನು ಕಂಡಿಲ್ಲ.

ಮಾವ ರೀಡನ್ನು ಬಿಚ್ಚಿ ಪಕ್ಕಕ್ಕಿಟ್ಟ. ಕ್ಲಾರಿಯೊನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸತೊಡಗಿದ.

“ಬಂತಾ?”

ಅಕ್ಕ ತಲೆ ಬಗ್ಗಿಸಿ ಕೇಳಿದಳು. “ಇಲ್ಲ.”

“ಈಗ?”

“ಇಲ್ಲ ಮಾವ. ಮೊದ್ಲಿಂದ ಆಡ್ಸು. ಸ್ವಲ್ಪ ಮೆಲ್ಲಗೆ ಆಡ್ಸು.”