ಒಲೆಯ ಮುಚ್ಚಳ

ಕಲಬುರ್ಗಿಯ ಅತ್ತೆ ಬಸ್ಸಿಗೆ ಹಾಕಿದ್ದ ಗಂಟನ್ನು ಇವತ್ತು ಪುಣೆಯ ಸ್ವಾರಗೇಟ್ ಬಸ್‌ನಿಲ್ದಾಣದಿಂದ ತಂದು ಬಿಚ್ಚಿದೆ. ಕಡಕ್ ರೊಟ್ಟಿಯ ವಾಸನೆ ಬಂದದ್ದೇ ತಡ, ಗಂಟಿನ ಮೇಲೆ ತಾರೀಖು ಬರೆಯಲು ಪೆನ್ನು ಹುಡುಕತೊಡಗಿದೆ. ನನ್ನ ಚಟ ನಿಮಗೆ ಗೊತ್ತಿಲ್ಲ. ಉಪ್ಪಿನಕಾಯಿ ಭರಣಿಗೂ ತಾರೀಖು ಅಂಟಿಸುವವನು ನಾನು. ದಿನಚರಿಯನ್ನಂತೂ ಒಂದು ದಿನವೂ ಬಿಟ್ಟಿಲ್ಲ. ಆದರೆ ಬಹಳ ವರ್ಷಗಳ ಹಿಂದಿನ ಒಂದು ಭಾನುವಾರದ ಪುಟದಲ್ಲಿ ತಾರೀಖು ಬಿಟ್ಟರೆ ಏನೂ ಇಲ್ಲ.

ಆಗ ಪುಣೆಯ ಕ್ಯಾಂಪ್ ಬಡಾವಣೆಯ ನಮ್ಮ ಮನೆಯ ಮೇಲಿನ ಖೋಲಿಯಲ್ಲಿ ಹೀವಾ ಬಾಡಿಗೆಗಿದ್ದ. ಇರಾಕಿನ ಗಡಿಗುಡ್ಡಗಳ ಕುರ್ದ್ ಹುಡುಗ, ಕಾಲೇಜು ಓದಲು ಬಂದವನು. ಅವ್ವನ ಬಾಯಲ್ಲಿ ಅವನು ಶಿವಾ. ಅವತ್ತು ಊಟಕ್ಕೆ ಕರೆದು ಕಡಕ್ ರೊಟ್ಟಿ ಬಡಿಸಿದರೆ, ಅವನು ಅದಕ್ಕೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿ ಕೂತ.

"ಏ ಶಿವಾ! ಕಟುಂ ಅನ್ನೋ ರೊಟ್ಟಿ ಹಸಿ ಮಾಡಿದೆಲ್ಲೋ! ನಿನ್ನ ಹಲ್ಲೇನ್ ಉದುರ್ಯಾವೇನು?"

ಚಳಿಗಾಲಕ್ಕೆಂದು ಒಣಗಿಸಿಟ್ಟ ರೊಟ್ಟಿಯನ್ನು ತಮ್ಮ ಹಳ್ಳಿಯಲ್ಲಿ ಹೀಗೇ ತಿನ್ನುವುದು ಎಂದ, ಹರಕು ಹಿಂದಿಯಲ್ಲಿ.

"ನಿಮ್ಮೂರಾಗ ಎಷ್ಟ್ ಮನಿ ಅದಾವಪ್ಪಾ?" ನಾನು ಅವ್ವನ ಪ್ರಶ್ನೆಯನ್ನು ಹಿಂದಿಗೆ ದಾಟಿಸಿದೆ.

"ಏಕ್ ಭೀ ನಹೀ, ಮಾಜೀ."

ಒಂದೂ ಇಲ್ಲ! ಚೇಷ್ಟೆಯೆಂದು ನಾವಿಬ್ಬರೂ ನಕ್ಕೆವು. ಅವನು ನಗಲಿಲ್ಲ. ಅವನು ಚಿಕ್ಕವನಿದ್ದಾಗ ಇರಾಕ್ ಸರ್ಕಾರದ ಸೈನಿಕರು ಬಂದು ಇಡೀ ಊರನ್ನು ಲಾರಿಗೆ ಹತ್ತಿಸಿದರಂತೆ. ಆಮೇಲೆ ಮನೆಗಳನ್ನು ಸಿಡಿಸಿ, ನೀರಿನ ಒರತೆಗೆ ಸಿಮೆಂಟು ಸುರಿದರಂತೆ. ಗಡಿಯವರೆಗಿನ ಹಳ್ಳಿಗಳೆಲ್ಲ ಹೀಗೇ. ಆ ವರ್ಷದ ರಜೆಯಲ್ಲಿ ಅವನೊಬ್ಬನೇ ಹೋಗಿ ನೋಡಿಬಂದಿದ್ದ. ಈಗ ಪಟ್ಟಣದಲ್ಲಿರುವ ತಾಯಿ, ಊರಿನ ನಮ್ಮ ಮನೆ ಹೇಗಿದೆ ಎಂದು ಕೇಳಿದಾಗ, ದಾರಿ ಮುಚ್ಚಿದೆ, ಹೋಗಲಾಗಲಿಲ್ಲ ಎಂದು ಸುಳ್ಳು ಹೇಳಿ ಪುಣೆಗೆ ಮರಳಿದ್ದ.

ನನ್ನ ಲೆಕ್ಕದ ಬುದ್ಧಿ ಸುಮ್ಮನಿರಬೇಕಲ್ಲ: "ಎಲ್ಲಾ ಕಲ್ಲಿನ ಗುಡ್ಡೆಯಾಗಿದ್ದರೆ ನಿನ್ನ ಮನೆ ಯಾವುದೆಂದು ಹೇಗೆ ತಿಳಿಯಿತು?"

ರೊಟ್ಟಿ ಸುಡುವ ಒಲೆ ನೆಲದೊಳಗೆ ಹೂತದ್ದು, ಅದಕ್ಕೇ ಸಿಡಿಯದೆ ಉಳಿದಿತ್ತಂತೆ. ಒಲೆಯ ಬಾಯಿಯ ಅಂಚಿನ ಮಣ್ಣಿಗೆ, ಕಟ್ಟುವಾಗ ತಾಯಿ ಒತ್ತಿದ್ದ ಬೆರಳ ಗುರುತು ಹಾಗೇ ಇತ್ತಂತೆ.

ಅವ್ವ ಅವನ ರೊಟ್ಟಿಯ ಮೇಲಿನ ಬಟ್ಟೆ ಸರಿಮಾಡಿದಳು. ಆಮೇಲೆ, "ಹಡದಾಕಿಗೆ ಸುಳ್ಳ್ ಹೇಳಬ್ಯಾಡೋ ನನ್ನಪ್ಪಾ. ಮನಿ ಇಲ್ಲ, ಆದ್ರ ಒಲಿ ಅದ ಅಂತ ಹೇಳು" ಎಂದಳು.

ಬೀದಿಯ ಫೋನ್ ಬೂತಿಗೆ ಅವನ ಜೊತೆ ಹೋದೆ. ಗಾಜಿನಾಚೆ ಅವನು ತಾಯಿಯೊಂದಿಗೆ ಒಂದಿಷ್ಟು ಮಾತಾಡಿ ಫೋನ್ ಇಟ್ಟ. ದುಡ್ಡು ಕೊಟ್ಟು ಹೊರಬಂದ.

"ಏನಂದರು?"

"ಮುಚ್ಚಳ ಇತ್ತಾ ಅಂತ ಕೇಳಿದಳು. ಲಾರಿ ಹತ್ತುವ ಮೊದಲು ಓಡಿಹೋಗಿ ಒಲೆಗೆ ಮುಚ್ಚಳ ಹಾಕಿ ಬಂದಿದ್ದಳಂತೆ. ಸಂಜೆ ಮನೆಗೆ ವಾಪಸ್ ಬರುವುದರೊಳಗೆ ಮಳೆಯಾದರೆ ಅಂತ."

ಮನೆಗೆ ಬಂದು ದಿನಚರಿ ತೆರೆದೆ, ತಾರೀಖು ಹಾಕಿದೆ. ಅಷ್ಟಕ್ಕೇ ಮುಚ್ಚಿಟ್ಟೆ.

ಇವತ್ತು ಪೆನ್ನು ಸಿಕ್ಕಿತು, ಆದರೂ ತಾರೀಖು ಬರೆಯಲಿಲ್ಲ. ಒಂದು ರೊಟ್ಟಿ ತೆಗೆದು ನೀರು ಚಿಮುಕಿಸಿ, ಬಟ್ಟೆ ಮುಚ್ಚಿ ಕಾಯುತ್ತ ಕೂತೆ. ಅವ್ವ ನೋಡಿದಳು, ಬೈಯಲಿಲ್ಲ. ಇನ್ನೊಂದು ರೊಟ್ಟಿ ತಂದು ಅದೇ ಬಟ್ಟೆಯ ಕೆಳಗೆ ಸರಿಸಿದಳು.