ಮರ ಬಿದ್ದ ಮೇಲೆ ಕಂಡ ಕಣಿವೆ

“ಮರ ಬಿದ್ದಿದ್ದೇ ಒಳ್ಳೇದಾಯ್ತು, ಈಗ ಕಣಿವೆ ಎಷ್ಟು ಚೆನ್ನಾಗಿ ಕಾಣುತ್ತೆ,” ಎನ್ನುತ್ತಾ ನಮ್ಮ ಭಾವ ದಿಂಬಂ ಘಾಟಿಯ ಟೀ ಅಂಗಡಿ ಮುಂದೆ ಕ್ಯಾಮೆರಾಕ್ಕೆ ರೀಲು ಹಾಕುತ್ತಿದ್ದರು. ತೊಂಬತ್ತರ ದಶಕದ ಮಾತು. ಚಂಡಮಾರುತಕ್ಕೆ ಮುಚ್ಚಿದ್ದ ಘಾಟಿ ರಸ್ತೆ ಆಗಷ್ಟೇ ತೆರೆದಿತ್ತು.

ಟೀ ಸೋಸುತ್ತಿದ್ದ ಹೆಂಗಸು ತಲೆ ಎತ್ತದೆ ಹೇಳಿದರು: “ಆ ಮರ ಬಿದ್ದಿದ್ದು ನಮ್ಮೆಜಮಾನ್ರ ಮ್ಯಾಲೆ, ಸಾಮಿ. ತೀರ್ಕಂಡ್ಬುಟ್ರು. ತಿಥಿ ಆಗೋಗಂಟ ಮನೇಲಿ ಒಲೆ ಅಚ್ಚಂಗಿಲ್ಲ. ಟೂರಿಸ್ಟ್‌ನೋರು ಬತ್ತಾರೆ ಅಂತ ಅಂಗ್ಡಿ ಒಲೆ ಮಾತ್ರ ಅಚ್ಚಿಸ್ಬುಟ್ರು ಊರೋರು.”

ಭಾವ ರೀಲು ಹಾಕಿ ಮುಗಿಸಿದರು. ಆಮೇಲೆ ಆಕೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿ ಕಣಿವೆಯ ಫೋಟೊ ತೆಗೆದರು.

ಆ ಫೋಟೊ ಇವತ್ತಿಗೂ ಅವರ ಮನೆಯ ಹಾಲ್‌ನಲ್ಲಿದೆ. ಬಂದವರೆಲ್ಲ ಯಾವ ಜಾಗ ಎಂದು ಕೇಳುತ್ತಾರೆ. ಭಾವ ದಾರಿ ಹೇಳಿ, “ಅಲ್ಲಿ ಟೀ ಕೂಡ ಚೆನ್ನಾಗಿರುತ್ತೆ” ಎನ್ನುತ್ತಾರೆ.