ಬಳೆ ಸದ್ದಿಗೆ ಹೂಂಗುಟ್ಟಿದ ಮೇಷ್ಟ್ರು

ನಮ್ಮ ಬ್ಯಾಟರಾಯನಪುರದ ಪಾರ್ಕಿನ ಮೂಲೆಯಲ್ಲಿ ಎಂಟರ ಆಕಾರದ ಒಂದು ಕಾಲುದಾರಿಯಿದೆ. ಸಿಮೆಂಟಿನಲ್ಲಿ ಉರುಟು ಕಲ್ಲುಗಳನ್ನು ನಿಲ್ಲಿಸಿ ಮಾಡಿದ್ದು. ಅದರ ಮೇಲೆ ಬರಿಗಾಲಲ್ಲಿ ನಡೆದರೆ ಸಕ್ಕರೆ ಇಳಿಯುತ್ತದೆ, ಬಿ.ಪಿ. ಇಳಿಯುತ್ತದೆ, ಕಣ್ಣು ಚುರುಕಾಗುತ್ತದೆ ಎಂದು ಬೆಳಗಿನ ವಾಕಿಂಗಿನವರೆಲ್ಲ ನಂಬಿದ್ದೆವು. ನಂಬಿಕೆ ಎಷ್ಟೇ ಇರಲಿ, ಎರಡು ಸುತ್ತು ಮುಗಿಯುವಷ್ಟರಲ್ಲಿ ‘ಅಯ್ಯಯ್ಯೋ’ ಎನ್ನುತ್ತ ಪಕ್ಕದ ಹುಲ್ಲಿಗೆ ಇಳಿಯುವವರೇ ಹೆಚ್ಚು. ನಾನೊಬ್ಬನೇ ಇಪ್ಪತ್ತು ಸುತ್ತು ಹಾಕುತ್ತಿದ್ದೆ, ಅದೂ ಮುಖ ಒಂದಿಷ್ಟೂ ಕಿವುಚದೆ.

ನಾನು ಯಲಹಂಕದ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷವಾಗಿತ್ತು. ಆದರೂ ನನ್ನ ಮೈ ನನ್ನ ಮಾತು ಕೇಳುತ್ತದೆ ಎಂಬ ಜಂಬ ಹೋಗಿರಲಿಲ್ಲ. “ಮೇಷ್ಟ್ರದು ಕಬ್ಬಿಣದ ಕಾಲು ಕಣ್ರೀ” ಎಂದು ಜೊತೆಯವರು ಹೇಳಿದರೆ ಹಿಗ್ಗಿಹೋಗುತ್ತಿದ್ದೆ. “ಬರಿಗಾಲಲ್ಲಿ ಗ್ರೌಂಡ್ ಸುತ್ತಿದ ಕಾಲು ಸ್ವಾಮಿ ಇದು. ನಿಮ್ದೆಲ್ಲ ಆಫೀಸ್ ಕಾಲು” ಎಂದು ಅವರನ್ನು ಛೇಡಿಸುತ್ತಿದ್ದೆ. ನನಗೆ ಕಲ್ಲು ಚುಚ್ಚುವುದೇ ಇಲ್ಲವಲ್ಲ, ಯಾಕೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಪಾರ್ಕಿನಿಂದ ಬಂದು ಪೇಪರ್ ಓದುತ್ತ ಕೂತಿದ್ದೆ. ನೆಲ ಒರೆಸುತ್ತಿದ್ದ ಹೆಂಡತಿ ನಡುಮನೆಯ ಮೊಸಾಯಿಕ್ ನೆಲದ ಮೇಲೆ ಕೆಂಪು ಕಲೆಯೊಂದನ್ನು ಕಂಡಳು.

“ಇದೇನ್ರೀ, ರಕ್ತ ಇದ್ದಂಗಿದೆ?”

“ನಿನ್ನ ದೇವರ ಮನೆ ಕುಂಕುಮ ಇರ್ಬೇಕು. ದಿನಾ ಚೆಲ್ತೀಯ” ಎಂದೆ, ಪೇಪರಿನಿಂದ ಕಣ್ಣೆತ್ತದೆ.

ಅವಳು ವಾದ ಮಾಡಲಿಲ್ಲ. ವಾದ ಮಾಡಲಿಲ್ಲವೆಂದರೆ ಏನೋ ತೀರ್ಮಾನ ಮಾಡಿದ್ದಾಳೆ ಎಂದು ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಗೊತ್ತಾಗಬೇಕಿತ್ತು. ಮಾರನೆಯ ದಿನ “ಸಕ್ಕರೆ ನೋಡಿಸಿ ಮೂರ್ ತಿಂಗಳಾಯ್ತು, ಹೊರಡಿ” ಎಂದು ನನ್ನನ್ನು ಯಲಹಂಕದ ಒಂದು ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ರಕ್ತ ಕೊಟ್ಟಾದ ಮೇಲೆ ಕಾಲನ್ನೂ ಪರೀಕ್ಷೆ ಮಾಡುತ್ತಾರಂತೆ ಎಂದು ಪಕ್ಕದ ಕೋಣೆಗೆ ನೂಕಿದಳು. ಹೊರಗೆ ಬೆಂಚಿನ ಮೇಲೆ ಕೂತಳು.

ಒಳಗಿದ್ದ ನರ್ಸಮ್ಮನಿಗೆ ಐವತ್ತು ದಾಟಿರಬೇಕು. ಬಾಗಲೂರಿನಿಂದ ದಿನಾ ಬಸ್ಸಿನಲ್ಲಿ ಬರುವವರಂತೆ. ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆ. ನನ್ನ ಪಾದಗಳನ್ನು ಎತ್ತಿ ಅಂಗಾಲು, ಬೆರಳ ಸಂದು ಎಲ್ಲ ನೋಡಿದರು. ಮುಖದಲ್ಲಿ ಏನನ್ನೂ ತೋರಗೊಡಲಿಲ್ಲ.

“ನೋವೇನಾರ ಐತಾ ಸಾ?”

“ಒಂಚೂರೂ ಇಲ್ಲಮ್ಮ. ಪಿ.ಟಿ. ಮೇಷ್ಟ್ರಾಗಿದ್ದೋನು ನಾನು. ದಿನಾ ಕಲ್ಲಿನ ಮೇಲೆ ಇಪ್ಪತ್ ರೌಂಡ್ ಬರಿಗಾಲಲ್ಲಿ ಹೊಡೀತೀನಿ.”

ಆಕೆ ಒಂದು ಹಿಡಿಕೆಗೆ ಸಿಕ್ಕಿಸಿದ ನೈಲಾನ್ ಎಳೆಯನ್ನು ತೆಗೆದರು. ಗಾಳದ ದಾರದಷ್ಟು ದಪ್ಪ, ಬೆರಳುದ್ದ. ಮೊದಲು ಅದನ್ನು ನನ್ನ ಮುಂಗೈಗೆ ಒತ್ತಿ, ಬಾಗಿದಾಗ ಹೇಗೆ ತಾಕುತ್ತದೆ ಎಂದು ತೋರಿಸಿದರು. “ಇಂಗೇ ಕಾಲಿಗೂ ಒತ್ತೀನಿ, ಒಂದೊಂದ್ ಕಾಲಲ್ಲಿ ಅತ್ತು ಕಡೆ. ಕಣ್ಣು ಮುಚ್ಕಳಿ. ತಾಕ್ದಾಗ ಊಂ ಅನ್ನಿ. ತಾಕ್ದೆ ಇದ್ರೆ ಸುಮ್ಕಿರಿ.”

ಕಣ್ಣು ಮುಚ್ಚಿದೆ. ಏನೂ ತಾಕಲಿಲ್ಲ. ಇನ್ನೂ ಶುರು ಮಾಡಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಬಳೆಗಳು ಸಣ್ಣಗೆ ಕಿಣಿಕಿಣಿ ಎಂದವು. ಸ್ವಲ್ಪ ಹೊತ್ತಿಗೆ ಮತ್ತೆ ಕಿಣಿಕಿಣಿ. ಆಗ ಹೊಳೆಯಿತು, ಆಕೆ ಒತ್ತುತ್ತಿದ್ದಾರೆ, ನನಗೆ ತಿಳಿಯುತ್ತಿಲ್ಲ. ಆದರೆ ಫೇಲಾದೆ ಎಂದು ಒಪ್ಪಿಕೊಳ್ಳುವ ಮನುಷ್ಯ ನಾನಲ್ಲ. ಮುಂದಿನ ಸಲ ಬಳೆ ಸದ್ದಾದ ತಕ್ಷಣ “ಹೂಂ” ಎಂದೆ. ಮತ್ತೆ ಸದ್ದು, ಮತ್ತೆ “ಹೂಂ”. ಹೀಗೆ ಎಡಗಾಲು ಮುಗಿಸಿ ಬಲಗಾಲಿಗೂ ಬಂದೆ.

“ಊಂ ಅಂದ್ರಲ್ಲ ಮೇಷ್ಟ್ರೆ, ಈಗ ಎಲ್ಲಿ ತಾಕ್ತು?”

“ಹೆಬ್ಬೆರಳ ಹತ್ರ” ಎಂದು ಬಾಯಿಗೆ ಬಂದದ್ದು ಹೇಳಿದೆ.

“ಕಣ್ ಬುಡಿ.”

ಬಿಟ್ಟೆ. ನೈಲಾನ್ ಎಳೆ ಆ ಕಡೆ ಮೇಜಿನ ಮೇಲಿತ್ತು. ಆಕೆ ಬರಿಗೈಯನ್ನು ಗಾಳಿಯಲ್ಲಿ ಅಲ್ಲಾಡಿಸಿ ಬಳೆ ಸದ್ದು ಮಾಡಿ ತೋರಿಸಿದರು.

ನಾನು ಮೇಷ್ಟ್ರಾಗಿದ್ದಾಗ ಐವತ್ತೆರಡು ಮಕ್ಕಳ ಕ್ಲಾಸಿನಲ್ಲಿ ಹಾಜರಿ ಕೂಗುತ್ತ ಐವತ್ತಮೂರು ಎಂದೂ ಕೂಗಿಬಿಡುತ್ತಿದ್ದೆ. ಗೆಳೆಯರ ಪರವಾಗಿ ಕೂಗಿ ಕೂಗಿ ಅಭ್ಯಾಸವಾದ ಯಾವನೋ ಒಬ್ಬ “ಎಸ್ ಸಾರ್” ಎನ್ನುತ್ತಿದ್ದ. ಸಿಕ್ಕಿಬಿದ್ದವನನ್ನು ಗ್ರೌಂಡ್ ಸುತ್ತಿಸುತ್ತಿದ್ದೆ. ಈಗ ಅದೇ ಜಾಗದಲ್ಲಿ ನಾನು. ನಾಚಿಕೆಗೆ ಕಿವಿ ಬಿಸಿಯಾಯಿತು.

ನರ್ಸಮ್ಮ ಬೈಯಲಿಲ್ಲ. ಒಂದು ಕನ್ನಡಿ ತಂದು ನನ್ನ ಬಲ ಅಂಗಾಲಿನ ಕೆಳಗೆ ಹಿಡಿದರು. ಹೆಬ್ಬೆರಳ ಬುಡದಲ್ಲಿ ಒಂದು ತೂತು, ಸುತ್ತ ಕೆಂಪಗೆ ಊದಿಕೊಂಡಿದೆ, ಒಳಗೆ ಕೀವು. ನನ್ನದೇ ಕಾಲು. ನಾನು ಅದರ ಮೇಲೇ ನಿಂತಿದ್ದೆ, ನಡೆದಿದ್ದೆ, ಜಂಬ ಕೊಚ್ಚಿಕೊಂಡಿದ್ದೆ.

“ಬಂದಾಗ್ಲೇ ನೋಡ್ದೆ ಮೇಷ್ಟ್ರೆ. ನಿಮ್ಗೆ ಗೊತ್ತೈತಾ ಇಲ್ವಾ ಅಂತ ತಿಳ್ಕಬೇಕಿತ್ತು. ನನ್ ಕಣ್ಣಿಗೆ ಮಣ್ಣೆರಚಿದ್ರೆ ನಂಗೇನಾಗ್ತದೆ? ಕಾಲು ನಿಮ್ದು.”

ನನ್ನ ಕಣ್ಣಲ್ಲಿ ನೀರು ಬಂತು. ಹೆಂಡತಿ ಒಳಗೆ ಬಂದು ಕನ್ನಡಿ ನೋಡಿದಳು. ಕುಂಕುಮದ ಮಾತು ಅವಳು ಅಲ್ಲಿ ಎತ್ತಲಿಲ್ಲ. ಅದಕ್ಕಾಗಿ ಅವಳಿಗೆ ಇವತ್ತಿಗೂ ಋಣಿ.

ಡಾಕ್ಟರು ಆ ತೂತಿನಿಂದ ಅಕ್ಕಿಕಾಳಿನಷ್ಟು ಗಾಜಿನ ಚೂರು ತೆಗೆದರು. ಎಷ್ಟು ದಿನದಿಂದ ಅಲ್ಲಿತ್ತೋ ಯಾರಿಗೆ ಗೊತ್ತು. “ಇನ್ನೊಂದು ಹದಿನೈದು ದಿನ ಬಿಟ್ಟು ಬಂದಿದ್ರೆ ಈ ಬೆರಳು ಉಳೀತಿರಲಿಲ್ಲ. ಈಗ್ಲೂ ಖಾತ್ರಿ ಕೊಡಲ್ಲ” ಎಂದರು. ಎರಡೂವರೆ ತಿಂಗಳು ಡ್ರೆಸ್ಸಿಂಗ್. ಪ್ರತಿ ಸಲ ನರ್ಸಮ್ಮ ಬ್ಯಾಂಡೇಜು ಬಿಚ್ಚುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ, ರಿಸಲ್ಟಿಗೆ ಕಾದ ಹುಡುಗನ ಹಾಗೆ. ಆ ದಿನಗಳಲ್ಲೇ ಅವರಿಗೆ ನನ್ನ ಐವತ್ತಮೂರನೇ ನಂಬರಿನ ಕಥೆ ಹೇಳಿದೆ. ನಕ್ಕರು. ಗಾಯ ಮಾಗಿದ ಮೇಲೆ ಪರೀಕ್ಷೆಯನ್ನು ಮತ್ತೊಮ್ಮೆ, ಈ ಸಲ ಮೋಸವಿಲ್ಲದೆ, ಮಾಡಿಸಿಕೊಂಡೆ. ಬಲಗಾಲಲ್ಲಿ ಹತ್ತಕ್ಕೆ ಆರು ಕಡೆ ಮಾತ್ರ ತಾಕಿತು. ಹೋದದ್ದು ವಾಪಸ್ಸು ಬರುವುದು ಕಷ್ಟ, ಇದ್ದದ್ದನ್ನು ಉಳಿಸಿಕೊಳ್ಳಿ ಎಂದರು.

ಈಗ ದಿನಾ ಸಂಜೆ ಗಡ್ಡ ಹೆರೆಯುವ ಕನ್ನಡಿಯಲ್ಲಿ ಅಂಗಾಲು ನೋಡಿಕೊಳ್ಳುತ್ತೇನೆ. ನನಗೆ ಕಾಣದ ಮೂಲೆಯನ್ನು ಹೆಂಡತಿ ನೋಡುತ್ತಾಳೆ. “ಇವತ್ತು ಕುಂಕುಮ ಇಲ್ಲ” ಎನ್ನುತ್ತಾಳೆ, ಈಗ ಆ ಹಕ್ಕು ಅವಳಿಗಿದೆ. ಶೂ ಹಾಕುವ ಮುಂಚೆ ಒಳಗೆ ಕೈಯಾಡಿಸುತ್ತೇನೆ. ಪಾರ್ಕಿನಲ್ಲಿ ಕಲ್ಲಿನ ದಾರಿಯ ಪಕ್ಕದ ಬೆಂಚಿನಲ್ಲಿ ಕೂರುತ್ತೇನೆ. ಯಾರಾದರೂ ‘ಅಯ್ಯಯ್ಯೋ’ ಎಂದು ಹುಲ್ಲಿಗೆ ಇಳಿದರೆ ಈಗ ನಗು ಬರುವುದಿಲ್ಲ. ಪುಣ್ಯವಂತರು ಎನ್ನಿಸುತ್ತದೆ.

ಮೊನ್ನೆ ವರ್ಷದ ಪರೀಕ್ಷೆಗೆ ಹೋಗಿದ್ದೆ. ನರ್ಸಮ್ಮ ನನ್ನನ್ನು ನೋಡಿ, ಬಳೆಗಳನ್ನು ಮೊಣಕೈವರೆಗೆ ಸರಿಸಿ ಕರ್ಚೀಫು ಸುತ್ತಿಕೊಂಡರು. ಕಣ್ಣು ಮುಚ್ಚಿದೆ. ಸದ್ದೇ ಇಲ್ಲ. ತಾಕಿದಾಗ ಹೂಂ ಎಂದೆ, ಇಲ್ಲದಾಗ ಸುಮ್ಮನಿದ್ದೆ. ಬಲಗಾಲಿನಲ್ಲಿ ಸುಮ್ಮನಿದ್ದ ಹೊತ್ತು ಬಹಳ ಉದ್ದವಾಯಿತು ಎನ್ನಿಸಿತು. ಕಳೆದುಕೊಂಡದ್ದು ಇನ್ನೆಷ್ಟೋ ಎಂದು ಕಾದೆ.

“ಅತ್ತಕ್ಕೆ ಆರು ಆಜರ್, ಮೇಷ್ಟ್ರೆ” ಎಂದರು. “ಓದ್ಸಲ ಇದ್ದವ್ರೆಲ್ಲ ಇದ್ದಾರೆ.”

ಕುರ್ಚಿಯಿಂದ ಇಳಿದು, ಕಾಲಿನ ಹತ್ತೂ ಬೆರಳೂರಿ ನಿಂತು, ಆಕೆಗೆ ಕೈ ಮುಗಿದೆ.